ವಾಲ್ವ್ ಕೀಲಿಯ ಭಕ್ತ

ಪುಟ್ಟಲಿಂಗಯ್ಯನವರು ಕಾಲಿನ ಚಪ್ಪಲಿ ಕಳಚದೆ ಒಂದು ದಿನವೂ ನಮಗೆ ನೀರು ಬಿಟ್ಟವರಲ್ಲ.

ಗುಬ್ಬಿಯ ನಮ್ಮ ಬೀದಿಗೆ ಅವರೇ ವಾಟರ್‌ಮ್ಯಾನ್. ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ ಆರಕ್ಕೆ ನೀರು ಬರಬೇಕಿತ್ತು. ಅವರು ಸ್ನಾನ ಮಾಡಿ, ಹಣೆಗೆ ವಿಭೂತಿ ಎಳೆದು, ವಾಲ್ವ್ ತಿರುಗಿಸುವ ಎದೆಮಟ್ಟದ ಕಬ್ಬಿಣದ ಕೀಲಿಗೂ ಅಷ್ಟೇ ವಿಭೂತಿ ಬಳಿದು ಬರುವಷ್ಟರಲ್ಲಿ ಎಂಟೂವರೆ. ವಾಲ್ವ್ ಇದ್ದ ಗುಂಡಿಯ ಪಕ್ಕ ಬರಿಗಾಲಲ್ಲಿ ನಿಂತು ಕೀಲಿಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಬಿಂದಿಗೆ ಹಿಡಿದ ಹೆಂಗಸರು ಗೊಣಗಿದರೆ, "ಕೆಲ್ಸ ಅಂದ್ರೆ ದೇವ್ರು ಕಣಮ್ಮ. ದೇವ್ರ ಹತ್ರ ಆತುರ ಮಾಡ್ಬಾರ್ದು" ಎನ್ನುತ್ತಿದ್ದರು. ಅರ್ಧ ಗಂಟೆ ಬಿಟ್ಟು, ಅದೇ ಭಕ್ತಿಯಿಂದ ನಿಲ್ಲಿಸಿ ಹೋಗುತ್ತಿದ್ದರು. ಕೊನೆಯ ಮನೆ ನಮ್ಮದು. ನಮ್ಮ ನಲ್ಲಿಯಲ್ಲಿ ಹೆಚ್ಚಾಗಿ ಗಾಳಿಯೇ ಬರುತ್ತಿತ್ತು.

ಮೊದಮೊದಲು ನನಗೆ ನಗು ಬರುತ್ತಿತ್ತು. ವಾಲ್ವ್ ಸೋರುತ್ತಿದೆ, ವಾಷರ್ ಬದಲಾಯಿಸಿ ಎಂದು ಎರಡು ವರ್ಷ ಹೇಳಿದೆ. ಅವರು ಅದಕ್ಕೆ ಅರಿಶಿನದ ದಾರ ಕಟ್ಟಿದರು.

ನಗು ಸತ್ತಿದ್ದು ಒಂದು ಆಯುಧಪೂಜೆಯ ದಿನ. ಪಕ್ಕದ ಮನೆ ಜಯಮ್ಮನವರ ಯಜಮಾನರು ಅಂದು ಬೆಳಗಿನ ಜಾವ ತೀರಿಕೊಂಡರು. ನೀರು ಬರಬೇಕಾಗಿದ್ದೂ ಅಂದೇ, ಹಾಗಾಗಿ ಬೀದಿಯ ಡ್ರಮ್ಮುಗಳೆಲ್ಲ ತಳ ಕಂಡಿದ್ದವು. ಹೆಣಕ್ಕೆ ಸ್ನಾನ ಮಾಡಿಸಲು ನೀರಿಲ್ಲ. ನಾನು ಪುಟ್ಟಲಿಂಗಯ್ಯನವರ ಮನೆಗೆ ಓಡಿದೆ. ನಡುಮನೆಯಲ್ಲಿ ಕೀಲಿ ಚೆಂಡುಹೂವಿನ ಹಾರ ಹಾಕಿಕೊಂಡು ಮಣೆಯ ಮೇಲೆ ಮಲಗಿತ್ತು.

"ಪೂಜೆಗಿಟ್ಟಿರೋ ಸಾಮಾನು ಕಣಪ್ಪ. ನಾಳೆ ವಿಜಯದಶಮಿ ಆಗೋಗಂಟ ಎತ್ತಂಗಿಲ್ಲ."

"ಹೆಣ ಕಾಯ್ತಾ ಐತೆ ಯಜಮಾನ್ರೇ" ಎಂದೆ.

"ನಂಗೂ ಸಂಕಟ ಆಯ್ತದೆ. ಹಂಗಂತ ನನ್ ಕೆಲ್ಸಕ್ಕೆ ನಾನೇ ಅಪಚಾರ ಮಾಡ್ಲಾ?"

ಎಂಟು ಮನೆಯವರು ಕುಡಿಯಲು ಇಟ್ಟುಕೊಂಡಿದ್ದ ನೀರನ್ನು ಚೊಂಬು ಚೊಂಬಾಗಿ ತಂದು ಸುರಿದರು. ಜಯಮ್ಮನವರು ಪ್ರತಿ ಚೊಂಬಿಗೂ ಕೈಮುಗಿದರು. ಮಧ್ಯಾಹ್ನ ಪುಟ್ಟಲಿಂಗಯ್ಯನವರೂ ಬಂದು ಹೆಣದ ಮುಂದೆ ಕೂತು ನಿಜವಾಗಿಯೇ ಅತ್ತರು. ಹೊರಡುವಾಗ ಕಾಲು ತೊಳೆಯಲು ಒಂದು ಚೊಂಬು ನೀರು ಕೇಳಿದರು. ಅಂದಿನಿಂದ ಆ ಮನುಷ್ಯನ ಬಗ್ಗೆ ನನ್ನಲ್ಲಿ ತಿರಸ್ಕಾರವಲ್ಲದೆ ಬೇರೇನೂ ಉಳಿಯಲಿಲ್ಲ.

ರಿಟೈರಾದ ಮೇಲೆ ಅವರು ಕ್ಯಾತ್ಸಂದ್ರದಲ್ಲಿರುವ ಮಗಳ ಮನೆ ಸೇರಿದರು. ಹೋದ ವರ್ಷ ಒಂದು ದಿನ, ಆ ಊರಿನ ಹಾಸ್ಟೆಲಿನಲ್ಲಿದ್ದ ನನ್ನ ಮಗನನ್ನು ನೋಡಲು ಬೆಳಿಗ್ಗೆ ಆರಕ್ಕೇ ಅಲ್ಲಿ ರೈಲು ಇಳಿದು ಹೋಗುತ್ತಿದ್ದೆ. ಬೀದಿ ನಲ್ಲಿಯ ಮುಂದೆ ಅವರು ಬಿಂದಿಗೆ ಇಟ್ಟುಕೊಂಡು ಸಾಲಿನಲ್ಲಿ ಮೊದಲಿಗರಾಗಿ ನಿಂತಿದ್ದರು. ಅಲ್ಲಿನ ವಾಟರ್‌ಮ್ಯಾನ್ ಬೈಕಿನಲ್ಲಿ ಬಂದ. ಕಿವಿಯಲ್ಲಿದ್ದ ಫೋನನ್ನೂ ತೆಗೆಯದೆ, ಚಪ್ಪಲಿ ಕಾಲಲ್ಲೇ ವಾಲ್ವ್ ತಿರುಗಿಸಿ ಮುಂದಿನ ಬೀದಿಗೆ ಹೊರಟುಹೋದ. ನೀರು ಧೋ ಎಂದು ಬಂತು.

ಪುಟ್ಟಲಿಂಗಯ್ಯನವರು ನನ್ನ ಗುರುತು ಹಿಡಿದರು. "ನೋಡ್ದಾ? ಚಪ್ಪಲಿ ಮೆಟ್ಕಂಡೇ ಕೀಲಿ ಮುಟ್ತಾನೆ. ಕೆಲ್ಸದ ಮೇಲೆ ಒಂಚೂರೂ ಭಕ್ತಿ ಇಲ್ಲ ಕಣಪ್ಪ ಇವ್ನಿಗೆ."

ಅವರ ಬಿಂದಿಗೆ ತುಂಬಿ ನೀರು ಚರಂಡಿಗೆ ಹರಿಯುತ್ತಿತ್ತು. ಅವರು ಬೈಕು ಹೋದ ದಾರಿಯನ್ನೇ ನೋಡುತ್ತಿದ್ದರು. ನಾನು ಬಾಗಿ ಅವರ ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿ, ಹಿಂದೆ ನಿಂತಿದ್ದ ಹೆಂಗಸಿನ ಬಿಂದಿಗೆಯನ್ನು ನಲ್ಲಿಗೆ ಹಿಡಿದೆ.