ತಾಳಮಲೆಗೆ ಕಳಿಸುವ ಬಸ್ಸು

ಚೆನ್ನೈನ ವಿಮಾನ ಕಂಪನಿಯೊಂದರಲ್ಲಿ ನಾನು ಮಾಡುವ ಕೆಲಸವನ್ನು ನಮ್ಮೂರು ದೊಡ್ಡಗಾಜನೂರಿನವರಿಗೆ ವಿವರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ನಾನು ವಿಮಾನ ಓಡಿಸುವವಳಲ್ಲ, ಅದರೊಳಗೆ ಊಟ ಕೊಡುವವಳಲ್ಲ, ಸ್ಪ್ಯಾನರ್ ಹಿಡಿದು ರಿಪೇರಿ ಮಾಡುವವಳೂ ಅಲ್ಲ. ಕಡೆಗೆ ಅಪ್ಪನಿಗೆ ಬಸ್ಸಿನ ಲೆಕ್ಕದಲ್ಲಿ ಹೇಳಿದ್ದೆ. ತಾಳವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಕೆಟ್ಟರೆ ಡ್ರೈವರನ್ನು ಬೈದುಕೊಂಡು ಟೀ ಕುಡಿಯಬಹುದು. ತಾಳಮಲೆ ಕಾಡಿನ ನಡುವೆ ಕೆಟ್ಟರೆ ಆನೆ ಬಂದು ವಿಚಾರಿಸಿಕೊಳ್ಳುತ್ತದೆ. ಆದ್ದರಿಂದ ಆ ದಾರಿಗೆ ಕೈಗೆ ಸಿಕ್ಕಿದ ಬಸ್ಸನ್ನು ಕಳಿಸುವಂತಿಲ್ಲ. ಯಾವ ವಿಮಾನ ಎಷ್ಟು ಸಲ ಕೈಕೊಟ್ಟಿದೆ, ಯಾವುದನ್ನು ದೂರದ ದಾರಿಗೆ ನಂಬಿ ಕಳಿಸಬಹುದು ಎಂದು ನೋಡಿ ಹೇಳುವುದು ನನ್ನ ಕೆಲಸ. ನನ್ನ ಪಾಲಿನ ಕಾಡು ಸಮುದ್ರ, ಅಷ್ಟೇ ವ್ಯತ್ಯಾಸ.

"ಅಂಗಾದ್ರ ನೀನು ಡಿಪೋ ಮೇನೇಜ್ರು ಕಣವ್ವ" ಎಂದಿದ್ದ ಅಪ್ಪ. ಅಂದಿನಿಂದ ಊರಿನಲ್ಲಿ ನನಗೆ ಅದೇ ಪದವಿ.

ಕಳೆದ ವರ್ಷ ಕೋಸಿನ ಬೀಜ ಮಾರುವ ಕಂಪನಿಯೊಂದು ನಮ್ಮ ಕಡೆಯ ಕೆಲವು ರೈತರನ್ನು ಆಸ್ಟ್ರೇಲಿಯಾದ ಹೊಲಗಳನ್ನು ತೋರಿಸಲು ಕರೆದೊಯ್ಯುವುದಾಗಿ ಹೇಳಿತು. ಅಪ್ಪನ ಹೆಸರೂ ಅದರಲ್ಲಿತ್ತು. ಜೀವಮಾನದಲ್ಲಿ ಬೂಟು ಹಾಕದ ಮನುಷ್ಯ, ಹೊಸ ಬೂಟು ತೊಟ್ಟು ಬೆಳ್ಳುಳ್ಳಿ ಪಾತಿಗಳ ನಡುವೆ ನಡೆದು ಅಭ್ಯಾಸ ಮಾಡಿದ. ಟಿಕೆಟ್ ನಮ್ಮ ಕಂಪನಿಯ ವಿಮಾನದ್ದೇ ಎಂದು ತಿಳಿದಾಗ ಹೆಮ್ಮೆಯಿಂದ ಬೀಗಿದವಳು ನಾನು. ಅವನನ್ನು ಕಳಿಸಿಕೊಡಲೆಂದು ರಜೆ ಹಾಕಿ ಊರಿಗೆ ಬಂದೆ.

ನಮ್ಮಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ, ಹೊಸ್ತಿಲು ದಾಟಿದ ಮೇಲೆ ಹಿಂದಿನಿಂದ ಕೂಗುವುದಿಲ್ಲ. ಮರೆತು ಕೂಗಿದರೆ ಹೋದವರು ತಿರುಗಿ ಬಂದು, ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. ಅಪ್ಪ ಲಿಂಗಪೂಜೆ ಮುಗಿಸಿ, ವಿಭೂತಿ ಇಟ್ಟು, "ಓಗ್ಬುಟ್ಟು ಬತ್ತೀನಿ" ಎಂದ. ಅವನೂ ಇನ್ನಿಬ್ಬರು ರೈತರೂ ಕೂತ ಕಾರು ಹಾಸನೂರಿನ ಕಡೆ ತಿರುಗುವವರೆಗೂ ಅವ್ವ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವರ ವಿಮಾನ ಮರುದಿನ ಬೆಳಿಗ್ಗೆ ಚೆನ್ನೈಯಿಂದ ಹೊರಡಬೇಕಿತ್ತು.

ನಮ್ಮಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಹೊಲದ ಪಂಪ್‌ಸೆಟ್ ಮನೆಯ ಬಳಿ ಮಾತ್ರ. ಅಲ್ಲಿ ನಿಂತು, ಬರೀ ಚಾಳಿಯಿಂದ, ಮರುದಿನ ಯಾವ ವಿಮಾನ ಯಾವ ದಾರಿಗೆ ಎಂದು ಫೋನಿನಲ್ಲಿ ಕಂಪನಿಯ ಪಟ್ಟಿ ತೆರೆದು ನೋಡಿದೆ. ಅಪ್ಪ ಹತ್ತಬೇಕಿದ್ದ ವಿಮಾನದ ರೆಕ್ಕೆಗೆ ಹಕ್ಕಿ ಬಡಿದು ಅದು ಶೆಡ್ಡಿನಲ್ಲಿ ನಿಂತಿತ್ತು. ಬದಲಿಗೆ ಹಾಕಿದ್ದದ್ದು ಪಾಟಿಯನ್ನು.

ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ನಮ್ಮಲ್ಲಿರುವ ದೊಡ್ಡ ವಿಮಾನಗಳಲ್ಲಿ ಹಳೆಯದಕ್ಕೆ ಕಚೇರಿಯಲ್ಲಿಟ್ಟ ಅಡ್ಡಹೆಸರು ಅದು. ಇಂಥ ವಿಮಾನಕ್ಕೆ ಇರುವುದು ಎರಡೇ ಇಂಜಿನ್. ಒಂದು ನಿಂತರೂ ಇನ್ನೊಂದರ ಬಲದಿಂದ ಹತ್ತಿರದ ನೆಲ ಮುಟ್ಟಬೇಕು ಎಂಬುದು ನಿಯಮ. ಆದರೆ ಆಸ್ಟ್ರೇಲಿಯಾದ ದಾರಿಯಲ್ಲಿ ಹತ್ತಿರ ಎಂಬ ಮಾತಿಗೇ ಅರ್ಥವಿಲ್ಲ. ನೀರು, ನೀರು, ನಡುವೆ ಎಲ್ಲೋ ಒಂದು ಪುಟ್ಟ ದ್ವೀಪ. ಪಾಟಿಯ ಎಡಗಡೆ ಇಂಜಿನ್ನಿನ ಎಣ್ಣೆ ಕಮ್ಮಿಯಾಯಿತೆಂದು ಎಚ್ಚರಿಸುವ ದೀಪ ಆಗಾಗ ಹೊತ್ತಿಕೊಳ್ಳುತ್ತಿತ್ತು. ಒಂದೊಂದು ಭಾಗ ಬದಲಿಸಿದರೆ ಕೆಲವು ದಿನ ಸುಮ್ಮನಿದ್ದು ಮತ್ತೆ ಹೊತ್ತಿಕೊಳ್ಳುತ್ತಿತ್ತು. ಇಂಜಿನ್ ಬಿಚ್ಚಿ ನೋಡುವವರೆಗೆ ಇದನ್ನು ಸಮುದ್ರದ ಮೇಲೆ ಕಳಿಸಬೇಡಿ ಎಂದು ನಾನೇ ಹೇಳಿದ್ದೆ. ಬಿಚ್ಚಬೇಕಾದರೆ ಅದರ ಜಾಗಕ್ಕೆ ಬೇರೆ ಇಂಜಿನ್ ಬರಬೇಕು, ಅದು ಬರುವುದು ತಡ, ಅಲ್ಲಿಯವರೆಗೆ ಸಾಧ್ಯವಾದಷ್ಟು ನೆಲದ ಮೇಲಿನ ದಾರಿಗಳಲ್ಲೇ ಓಡಿಸೋಣ ಎಂದು ತೀರ್ಮಾನವಾಗಿತ್ತು. ಸಾಧ್ಯವಾದಷ್ಟು ಎಂಬ ಮಾತಿಗೆ ಆಗ ನಾನೂ ತಲೆ ಆಡಿಸಿದ್ದೆ.

ಮೇಲಧಿಕಾರಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ಸಮಾಧಾನದಿಂದಲೇ ಮಾತಾಡಿದರು. ಬೇರೆ ವಿಮಾನ ಉಳಿದಿಲ್ಲ, ಪಾಟಿಯ ತಪಾಸಣೆ ಎಲ್ಲ ಆಗಿದೆ, ನಿಯಮದ ಪ್ರಕಾರ ಹಾರಬಹುದು, ನಿನ್ನ ತಂದೆ ಇದ್ದಾರೆಂದು ಇನ್ನೊಮ್ಮೆ ನೋಡಿಸುತ್ತೇನೆ ಎಂದರು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಅದೇ ಮಾತನ್ನು ನಾನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೆನೋ.

ಅವ್ವ ಹೊಲದ ಬದುವಿಗೆ ಬಂದಳು. ನನ್ನ ಮುಖ ನೋಡಿದವಳೇ, "ಅಪ್ಪಂಗೆ ಫೋನ್ ಮಾಡ್ಬುಟ್ಟಿಯ, ಜ್ವಾಕ" ಎಂದಳು. "ಒರಟವರ್ನ ಇಂದಿಂದ ಕೂಗ್ಬಾರ್ದು."

"ಫೋನು ಕೂಗಿದಂಗ ಆಯ್ತದಾ ಅವ್ವ?"

"ಕಿವಿಗ್ ಬುದ್ದಮ್ಯಾಲ ಕೂಗೇ ತಾನೇ?"

ಅವಳು ಎಮ್ಮೆಗೆ ನೀರು ತೋರಿಸಲು ಹೋದದ್ದೇ ತಡ, ಅಪ್ಪನಿಗೆ ಫೋನ್ ಮಾಡಿದೆ. ದಿಂಬಂ ಘಾಟಿ ಇಳಿದು ಬಣ್ಣಾರಿ ದಾಟಿದ್ದರು.

"ಕೂಗೇ ಬುಟ್ಟಲ್ಲವ್ವ" ಎಂದು ನಕ್ಕ. ನಾನು ವಿಮಾನ ಬದಲಾಗಿದೆ, ಇದು ಸ್ವಲ್ಪ ಹಳೆಯದು, ಆಗಾಗ ತೊಂದರೆ ಕೊಟ್ಟಿದೆ ಎಂದೆ. ಅಪ್ಪನ ನಗು ನಿಂತಿತು.

"ಆರ್ತದಾ ಇಲ್ವಾ?"

"ಆರ್ತದ ಅಪ್ಪ."

"ನೀನು ಡಿಪೋ ಮೇನೇಜ್ರು. ಬ್ಯಾಡ ಅನ್ನು, ಇಲ್ಲೇ ಇಳ್ದುಬುಡ್ತೀನಿ. ಆದ್ರ ಜೊತೇಲಿ ಇಬ್ರು ಅವ್ರ. ಅವ್ರ್ಗೂ ಬ್ಯಾಡ ಅನ್ಲಾ?"

ಆ ಇಬ್ಬರಿಗೆ ಬೇಡ ಎಂದರೆ, ಆ ವಿಮಾನದಲ್ಲಿ ಕೂರುವ ಊರೂರ ಜನಕ್ಕೆಲ್ಲ ಬೇಡ ಎನ್ನಬೇಕು. ಬೇಡ ಎನ್ನುವ ಅಧಿಕಾರ ನನ್ನದಲ್ಲ, ನಿಯಮವೂ ಹಾಗೆ ಹೇಳುತ್ತಿಲ್ಲ. "ಓಗ್ಬುಟ್ಟು ಬಾ ಅಪ್ಪ" ಎಂದೆ. ಅವನು ಕಾರು ನಿಲ್ಲಿಸಿ, ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ನೀರು ಕುಡಿದು ಹೊರಟನಂತೆ.

ಮರುದಿನ ಬೆಳಿಗ್ಗೆ ತಿಂಡಿಯೂ ತಿನ್ನದೆ ಪಂಪ್‌ಸೆಟ್ ಮನೆಯ ಬಳಿ ಹೋಗಿ ಕೂತೆ. ವಿಮಾನಗಳನ್ನು ನಕ್ಷೆಯಲ್ಲಿ ತೋರಿಸುವ ಆ್ಯಪ್ ತೆರೆದೆ. ಪಾಟಿ ಚೆನ್ನೈ ಬಿಟ್ಟು, ಲಂಕೆಯ ಪಕ್ಕದಲ್ಲಿ ಹಾಯ್ದು ದಕ್ಷಿಣಕ್ಕೆ ಹೋಯಿತು. ಆಮೇಲೆ ನಕ್ಷೆಯಿಂದ ಮಾಯವಾಯಿತು. ನಡುಸಮುದ್ರದಲ್ಲಿ ಸಿಗ್ನಲ್ ಹಿಡಿಯುವ ಗೋಪುರಗಳಿಲ್ಲ, ಎಲ್ಲ ವಿಮಾನಗಳೂ ಹಾಗೆಯೇ ಮಾಯವಾಗುತ್ತವೆ. ಇದನ್ನು ಹೊಸಬರಿಗೆ ಪಾಠ ಮಾಡಿದವಳು ನಾನು. ಆದರೂ ಬರೀ ನೀಲಿ ಉಳಿದ ಆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವ್ವ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಹಿಂದಿನ ದಿನ ನಾನು ಫೋನ್ ಮಾಡಿದ್ದು ಅವಳಿಗೆ ಗೊತ್ತಾಗಿತ್ತು, ಬೈದಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಪಾಟಿ ನಕ್ಷೆಯಲ್ಲಿ ಮತ್ತೆ ಕಂಡಿತು. ಇರಬಾರದ ಜಾಗದಲ್ಲಿತ್ತು. ಮೂತಿ ಉತ್ತರಕ್ಕೆ ತಿರುಗಿತ್ತು.

ಯಾವ ಪೈಲಟ್ಟೂ ಸುಮ್ಮನೆ ವಿಮಾನ ತಿರುಗಿಸುವುದಿಲ್ಲ. ಎಡಗಡೆಯ ಇಂಜಿನ್, ಎಣ್ಣೆ, ದೀಪ. ಇನ್ನೊಂದು ಇಂಜಿನ್ನಿಗೂ ಏನಾದರೂ ಆದರೆ ಎಂಬ ಯೋಚನೆಯನ್ನು ನಾನು ಕಚೇರಿಯಲ್ಲಿ ದಶಾಂಶದಲ್ಲಿ ಬರೆಯುತ್ತಿದ್ದೆ, ಸೊನ್ನೆಯ ಹಿಂದೆ ಸೊನ್ನೆ. ಆ ಸೊನ್ನೆಗಳಲ್ಲಿ ಒಂದೂ ಆವತ್ತು ನನ್ನ ನೆರವಿಗೆ ಬರಲಿಲ್ಲ. ಹೊಸ ಬೂಟು ಹಾಕಿಕೊಂಡ ಅಪ್ಪ ಕಿಟಕಿಯ ಪಕ್ಕ ಕೂತು ನೀರನ್ನು ನೋಡುತ್ತಿರುವುದೇ ಕಣ್ಣಿಗೆ ಕಟ್ಟಿತು. ಆ ಕಿಟಕಿಯ ಸೀಟು ಕೊಡಿಸಿದ್ದೂ ನಾನೇ.

"ಏನಾಯ್ತು ಯೋಳು" ಎಂದಳು ಅವ್ವ.

"ತಿರಿಕ ಬತ್ತಾವ್ರ ಅವ್ವ."

ಅವಳು ಬೆಳ್ಳುಳ್ಳಿ ಕೆಳಗಿಟ್ಟು ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಳು. ಸಿಗ್ನಲ್ ಹೋಗುತ್ತಿತ್ತು, ಬರುತ್ತಿತ್ತು. ಒಮ್ಮೆ ಹೋದದ್ದು ಬರಲೇ ಇಲ್ಲ. ನಾನು ಫೋನನ್ನು ತಲೆಯ ಮೇಲೆತ್ತಿಕೊಂಡು ಕೋಸಿನ ಸಾಲುಗಳನ್ನು ತುಳಿದುಕೊಂಡು ಓಡಾಡಿದೆ, ಅಳುತ್ತಿದ್ದೆ ಕೂಡ. ಮತ್ತೆ ಸಿಗ್ನಲ್ ಬಂದಾಗ ಪಾಟಿ ಚೆನ್ನೈನ ನೆಲದ ಮೇಲಿತ್ತು.

ಸಂಜೆ ಅಪ್ಪನೇ ಫೋನ್ ಮಾಡಿದ. ಲಾಡ್ಜಿನಲ್ಲಿ ಇಳಿಸಿದ್ದರು. ಇಂಜಿನ್ನಿನ ಎಣ್ಣೆ ಕಮ್ಮಿಯಾಗುತ್ತಿರುವಂತೆ ಕಂಡು, ಅರ್ಧ ದಾರಿ ಮುಟ್ಟುವ ಮುಂಚೆಯೇ ಪೈಲಟ್ ತಿರುಗಿಸಿದ್ದ.

"ನಿಮ್ಮ ಇಮಾನಕ್ಕೂ ನಮ್ಮ ಪದ್ಧತಿ ಗೊತ್ತದ ಕಣವ್ವ. ನೀನು ಕೂಗಿದ್ದು ಕೇಳ್ಬುಟ್ಟು ತಿರಿಕ ಬಂದು ಕೂತ್ಕತು" ಎಂದು ನಗಲು ನೋಡಿದ. ನಾಳೆ ಬೇರೆ ವಿಮಾನದಲ್ಲಿ ಕಳಿಸುತ್ತಾರಂತೆ, ಆ ವಿಮಾನ ಒಳ್ಳೆಯದೇ ಎಂದು ಕೇಳಿದ. ನೋಡಿದೆ. ಒಳ್ಳೆಯ ವಿಮಾನ, ಕಣ್ಣು ಮುಚ್ಚಿ ಹತ್ತು ಎಂದೆ. ಅಪ್ಪ ಇನ್ನೊಂದು ಮಾತು ಕೇಳಿದ.

"ಆ ಅಳೇದ್ರಲ್ಲಿ ಇನ್ಮೇಲ ಯಾರವ್ವ ಓಯ್ತಾರ?"

ಅದೂ ನನ್ನ ಕಣ್ಣ ಮುಂದೆಯೇ ಇತ್ತು. ಪಾಟಿಗೆ ಒಂದು ಪೈಪು ಬದಲಿಸಿ, ಇಂಜಿನ್ ಓಡಿಸಿ ನೋಡಿ, ನಾಡಿದ್ದು ಅದೇ ದಾರಿಗೆ ಹಾಕಿದ್ದರು. "ಯಾರೋ ಗೊತ್ತಿಲ್ಲ ಅಪ್ಪ" ಎಂದೆ.

ಫೋನ್ ಇಟ್ಟ ಮೇಲೂ ಅಲ್ಲೇ ನಿಂತಿದ್ದೆ. ಅಪ್ಪ ಕ್ಷೇಮವಾಗಿದ್ದಾನೆ, ಭಯ ಹೋಗಬೇಕಿತ್ತು, ಹೋಗಿರಲಿಲ್ಲ. ಪಾಟಿಯನ್ನು ನಾಡಿದ್ದು ಮತ್ತೆ ಅದೇ ದಾರಿಗೆ ಕಳಿಸುತ್ತಾರೆ ಎಂದು ಅವ್ವನಿಗೆ ಹೇಳಿದೆ.

"ಕೂಗು" ಎಂದಳು. "ಒರಡಾಕ್ ಮುಂಚೇನೇ ಕೂಗ್ಬುಡು."

ಮೇಲಧಿಕಾರಿಗೆ ಫೋನ್ ಮಾಡಿ, ಇಂಜಿನ್ ಬಿಚ್ಚದೆ ಪಾಟಿ ಸಮುದ್ರದ ಮೇಲೆ ಹೋಗಕೂಡದು, ಒಪ್ಪದಿದ್ದರೆ ಇನ್ನೂ ಮೇಲಿನವರಿಗೆ ಬರೆಯುತ್ತೇನೆ ಎಂದೆ. ಅವರು ಅರ್ಥವಾಗದೆ, ನಿನ್ನ ತಂದೆ ಈಗ ಅದರಲ್ಲಿ ಇಲ್ಲವಲ್ಲ ಎಂದು ಕೇಳಿದರು.

"ಇಲ್ಲ ಸಾರ್" ಎಂದೆ. "ಯಾರಿದ್ದಾರೆ ಅಂತ ಗೊತ್ತಿಲ್ಲ. ಅದಕ್ಕೇ ಹೇಳುತ್ತಿದ್ದೇನೆ."