ಹಾಲೇಶ ಹೇಳದೆ ಬಿಟ್ಟ ಗಂಟು

ಅರವತ್ತು ತುಂಬಿದ ಹೆಂಗಸು ಟ್ರ್ಯಾಕ್ ಪ್ಯಾಂಟ್ ಕೇಳಿದರೆ, ಅದು ಅವಳಿಗೇ ಇರಬಹುದೆಂದು ಊಹಿಸುವ ಧೈರ್ಯ ದಾವಣಗೆರೆಯ ಯಾವ ಅಂಗಡಿಯವನಿಗೂ ಇದ್ದಂತಿಲ್ಲ. ಮೊಮ್ಮಗನ ಅಳತೆ ಎಷ್ಟೆಂದು ಆತ ಸವಿನಯವಾಗಿ ವಿಚಾರಿಸಿದ. ಟೇಪನ್ನು ಕಿತ್ತುಕೊಂಡು ನನ್ನ ವಿಶಾಲ ಸೊಂಟಕ್ಕೇ ಸುತ್ತಿ ತೋರಿಸಿದಾಗ ತಲೆಯಾಡಿಸಿದ. ಪಿ.ಯು. ಕಾಲೇಜಿನಲ್ಲಿ ಮೂವತ್ತಾರು ವರ್ಷ ಗಣಿತ ಬೋಧಿಸಿದ ನನಗೆ ಆ ತಲೆಯಾಟ ಚಿರಪರಿಚಿತ, ಅರ್ಥವಾಗದಿದ್ದರೂ ಅರ್ಥವಾಯಿತೆನ್ನುವವರದು.

ಪ್ಯಾಂಟು ಬೇಕಾಗಿದ್ದದ್ದು ಮರ ಹತ್ತಲು. ನಗುವವರು ನಕ್ಕುಬಿಡಿ, ಆಮೇಲೆ ಮುಂದುವರಿಯೋಣ. ಬೀಳ್ಕೊಡುಗೆಯ ದಿನ ಒಬ್ಬೊಬ್ಬರೂ ಮೈಕು ಹಿಡಿದು ನನಗೆ ವಿಶ್ರಾಂತಿಯನ್ನು ಹಾರೈಸಿದ್ದು ಕೇಳಿ ಮೈಯೆಲ್ಲ ಉರಿದಿತ್ತು. ಹರಿಹರದಾಚೆ, ಹೊಳೆ ದಂಡೆಯ ತೋಟವೊಂದರಲ್ಲಿ, ಭಾನುವಾರ ಬೆಳಿಗ್ಗೆ ಹಗ್ಗ ಕಟ್ಟಿಕೊಂಡು ಮರ ಹತ್ತುವುದನ್ನು ಹವ್ಯಾಸಕ್ಕೆಂದು ಕಲಿಸುತ್ತಾರಂತೆ ಎಂದು ವಿದ್ಯಾನಗರದ ನನ್ನ ವಾಕಿಂಗ್ ಗೆಳತಿ ತಮಾಷೆಗೆ ಹೇಳಿದಳು. ನಾನು ಹೋಗಿಯೇಬಿಟ್ಟೆ. ಕಲಿಸುವವನು ನನ್ನದೇ ಹಳೆಯ ವಿದ್ಯಾರ್ಥಿ ಹಾಲೇಶ. ವಾರವಿಡೀ ಮೊಬೈಲ್ ಟವರ್ ಹತ್ತುವುದು ಅವನ ಕಸುಬು. ಇಬ್ಬರು ಮಕ್ಕಳ ತಂದೆ, ನನ್ನನ್ನು ಕಂಡದ್ದೇ ಕೈ ಹಿಂದಕ್ಕೆ ಕಟ್ಟಿ ನಿಂತುಕೊಂಡ. ಒಳಗೊಳಗೇ ಹಿಗ್ಗಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಇಲ್ಲಿ ಮರವನ್ನು ಅಪ್ಪಿಕೊಂಡು ಹತ್ತುವುದಿಲ್ಲ. ಎತ್ತರದ ಗಟ್ಟಿ ಕೊಂಬೆಯೊಂದರ ಮೇಲಿಂದ ಹಗ್ಗದ ಎರಡೂ ಎಳೆ ಇಳಿಬಿದ್ದಿರುತ್ತವೆ. ಒಂದೆಳೆಯನ್ನು ನಮ್ಮ ಸೊಂಟಪಟ್ಟಿಗೆ ಕಟ್ಟಿ, ಮಿಕ್ಕ ತುದಿಯನ್ನು ಇನ್ನೊಂದೆಳೆಗೆ ಸುತ್ತಿ ಗಂಟು ಹಾಕಬೇಕು. ಆ ಗಂಟು ಮೇಲಕ್ಕೆ ತಳ್ಳಿದರೆ ಸರಿಯುತ್ತದೆ, ನಮ್ಮ ಭಾರ ಬಿದ್ದೊಡನೆ ಕಚ್ಚಿಕೊಳ್ಳುತ್ತದೆ. ಹೀಗೆ ಗೇಣುಗೇಣಾಗಿ ಊರ್ಧ್ವಮುಖಿಗಳಾಗುವುದು. ಪ್ರಾಣವೆಲ್ಲ ಆ ಗಂಟಿನಲ್ಲೇ. ಆದ್ದರಿಂದ ಹತ್ತುವವರೇ ಅದನ್ನು ಹಾಕಬೇಕು, ಕಲಿಸುವವನು ನೋಡಿ ಸರಿ ಅನ್ನಬೇಕು.

ಮೂರನೆಯ ಭಾನುವಾರ ನಾನು ಹಾಕಿದೆ. ಗಂಟೆಂದರೆ ಕೊನೆಗೂ ಒಂದು ವಕ್ರರೇಖೆ ತಾನೆ, ವಕ್ರರೇಖೆಗಳು ನನಗೆ ಹೊಸವೇ? ತರಗತಿಯ ದನಿಯಲ್ಲಿ, ಸರಿಯಿದೆಯಲ್ಲ ಹಾಲೇಶ ಎಂದೆ. ಅವನು ಗಂಟು ನೋಡಿದ, ನನ್ನ ಮುಖ ನೋಡಿದ, ಇನ್ನೊಂದ್ ಸಲ ನೋಡ್ರಿ ಮೇಡಂ ಎಂದು ಗೊಣಗಿದ. ನೋಡಿಯಾಯಿತು ಎಂದೆ. ನೆಲದಿಂದ ಒಂದಡಿ ಮೇಲೆ ಸೊಂಟಪಟ್ಟಿಯಲ್ಲಿ ಭಾರ ಬಿಟ್ಟು ಕೂತು ನೋಡಿದಾಗ ಗಂಟು ಹಿಡಿದಿತ್ತು, ಏರತೊಡಗಿದೆ.

ಹತ್ತಡಿ ಎಷ್ಟೆಂದು ನಿಮಗೆ ಗೊತ್ತೆಂದುಕೊಂಡಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲಿ ಕೂತು ಉಸಿರು ತೆಗೆದುಕೊಳ್ಳುತ್ತಿದ್ದಾಗ ಗಂಟು ಸರ್ರೆಂದಿತು, ನಾನು ಎರಡಡಿ ಕೆಳಗೆ ಕುಸಿದು ಗಕ್ಕನೆ ನಿಂತೆ. ಕಣ್ಣೆದುರೇ ಸುತ್ತುಗಳು ಒಂದೊಂದಾಗಿ ಸಡಿಲಗೊಳ್ಳುತ್ತಿದ್ದವು. ಕೆಳಗೆ ಕಲ್ಲುಗಳಿದ್ದವು, ಅವುಗಳನ್ನು ಆವರೆಗೆ ನಾನು ಗಮನಿಸಿಯೇ ಇರಲಿಲ್ಲ. ಸಾಯುವುದಕ್ಕೂ ಹೆಚ್ಚಾಗಿ ಸೊಂಟ ಮುರಿದುಕೊಂಡು ಬದುಕುವುದಕ್ಕೆ ಹೆದರಿದೆ. ಗಂಟು ಬಿಟ್ಟಾಗಿದೆ, ಹಾಗಿದ್ದರೆ ನಾನು ಯಾಕೆ ಬೀಳುತ್ತಿಲ್ಲ ಎಂದು ತೋಚಿದ್ದು ಆಮೇಲೆ.

ನೆಲಕ್ಕೆ ಇಳಿಬಿದ್ದಿದ್ದ ಹಗ್ಗದ ಇನ್ನೊಂದೆಳೆಯನ್ನು ಹಾಲೇಶ ತನ್ನ ಸೊಂಟಕ್ಕೆ ಸುತ್ತಿಕೊಂಡು, ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ ನಿಂತಿದ್ದ. ಕೈಗವಸನ್ನೂ ಹಾಕಿಕೊಂಡಿದ್ದ. ನಾನು ನೆಲ ಬಿಟ್ಟ ಕ್ಷಣದಿಂದಲೂ ಅವನು ಹಾಗೇ ನಿಂತಿದ್ದನೆಂದು ಆಗ ಹೊಳೆಯಿತು. ಇಂಚಿಂಚೇ ಹಗ್ಗ ಬಿಡುತ್ತ ನನ್ನನ್ನು ಇಳಿಸಿದ.

ಕಾಲು ನೆಲಕ್ಕೆ ತಾಗಿದೊಡನೆ ಭಯವೆಲ್ಲ ಕೋಪವಾಯಿತು. ನನ್ನ ಜಾಯಮಾನವೇ ಅದು. ಗಂಟು ತಪ್ಪೆಂದು ಗೊತ್ತಿತ್ತೇನೋ ಎಂದು ಕೇಳಿದೆ. ಗೊತ್ತಿತ್ತಂತೆ. ಬಾಯಿಗೆ ಬೀಗ ಬಿದ್ದಿತ್ತೇ ಎಂದು ರೇಗಿದೆ.

ಅವನು ತಲೆ ಎತ್ತಲಿಲ್ಲ. "ಕಾಲೇಜ್ನಾಗ ಒಂದ್ ಸಲ ಹೇಳಿದ್ದೆ ಮೇಡಂ. ಬೋರ್ಡ್ ಮ್ಯಾಲೆ ನೀವು ಮೈನಸ್ ಬಿಟ್ಟಿದ್ರಿ. ವಾರಗಟ್ಲೆ ಹೊರಗ ನಿಲ್ಸಿದ್ರಿ. ಮಾರನೇ ದಿನಾನೇ ನೀವು ಅದನ್ನ ತಿದ್ದಿದ್ದು ಕಿಟಕ್ಯಾಗ ನೋಡಿದೆ. ನನ್ನ ಮಾತ್ರ ಒಳಗ ಕರೀಲಿಲ್ಲ."

ನನಗೆ ಅದು ನೆನಪಿಲ್ಲ. ಎಷ್ಟು ತಡಕಿದರೂ ನೆನಪಾಗಲಿಲ್ಲ, ನಾಚಿಕೆಯಾದದ್ದು ಅದಕ್ಕೇ. ಮೂವತ್ತಾರು ವರ್ಷದಲ್ಲಿ ಎಷ್ಟು ಮಕ್ಕಳು ನನ್ನ ತಪ್ಪನ್ನು ಕಂಡೂ ಬಾಯಿ ಮುಚ್ಚಿಕೊಂಡಿದ್ದರೋ, ನಾನು ಅದನ್ನು ಶಿಸ್ತೆಂದು ಕರೆದು ಹೆಮ್ಮೆಪಟ್ಟಿದ್ದೆ. ತಪ್ಪು ನನ್ನದಪ್ಪ ಎಂದೆ.

ಆಮೇಲೆ ಮತ್ತೊಮ್ಮೆ ಗಂಟು ಹಾಕಿ, ಎಲ್ಲಿ ತಪ್ಪಿದೆ ನೋಡು ಎಂದು ಕೇಳಿದೆ. ಅವನು ಬಹಳ ಹೊತ್ತು ನೋಡಿದ. "ತುದಿ ಹಿಂದಿಂದ ಬರ್ಬೇಕ್ರಿ," ಎಂದ ಬೆರಳಿಟ್ಟು ತೋರಿಸುತ್ತ. "ತಪ್ಪೈತೆ. ಬಿಚ್ರಿ."

ಬಿಚ್ಚಿದೆ. ಆ ದಿನ ಮತ್ತೆ ಮರ ಹತ್ತಲಿಲ್ಲ. ಏಳು ಸಲ ತಪ್ಪೆನ್ನಿಸಿಕೊಂಡೆ. ಏಳನೆಯ ಸಲ ಅವನು ನನ್ನನ್ನು ಗದರಿಯೂ ಬಿಟ್ಟ.