ಗಿಡವೆಂದು ಚೀಟಿ ಅಂಟಿಸಿದ ಪ್ರಾಣಿ

ಎಂಬತ್ತರ ದಶಕದ ಶುರುವಿನಲ್ಲಿ ನಾನು ಮಧುಗಿರಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಮಕ್ಕಳನ್ನು ಮಂಗಳೂರಿಗೆ ಪ್ರವಾಸ ಕರೆದುಕೊಂಡು ಹೋದವನು ಬರುವಾಗ ಎರಡು ಕ್ಯಾನು ಸಮುದ್ರದ ನೀರು, ಒಂದು ಬೋಳು ಕಲ್ಲು ತಂದೆ. ಕುಡಿಯುವ ನೀರಿಗೇ ಪರದಾಡುವ ಊರಿಗೆ ಉಪ್ಪುನೀರು ಹೊತ್ತು ತಂದ ಮಹಾನುಭಾವ ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು. ನಗಲಿ ಬಿಡು ಎಂದು ಗಾಜಿನ ತೊಟ್ಟಿ ಮಾಡಿಸಿ, ಗಾಳಿ ಊದುವ ಪುಟ್ಟ ಪಂಪು ಹಾಕಿ, ಲ್ಯಾಬಿನ ಕಿಟಕಿ ಬಳಿ ಇಟ್ಟೆ.

ಕರೆಂಟು ಹೋದರೆ ಪಂಪು ನಿಲ್ಲುತ್ತಿತ್ತು. ಆಗ ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದವಳು ಲ್ಯಾಬು ಗುಡಿಸಿ ನೀರು ತುಂಬುವ ದಿನಗೂಲಿಯ ಹೆಂಗಸು. ಚೊಂಬಿನಲ್ಲಿ ನೀರು ಮೊಗೆದು, ಬಿಸಿ ಹಾಲು ಆರಿಸುವ ಹಾಗೆ ಎತ್ತರದಿಂದ ಸುರಿಯುತ್ತಿದ್ದಳು. ಏಳು ವರ್ಷದಿಂದ ದುಡಿಯುತ್ತಿದ್ದ ಆಕೆಯನ್ನು ಖಾಯಂ ಮಾಡಲು ಆ ವರ್ಷವಷ್ಟೇ ಹೆಸರು ಮೇಲಕ್ಕೆ ಹೋಗಿತ್ತು.

ತಿಂಗಳು ತುಂಬುವಷ್ಟರಲ್ಲಿ ಆ ಬೋಳು ಕಲ್ಲಿನಿಂದ ಏನೇನೋ ಹೊರಬಂದವು. ಮೈತುಂಬ ಕೂದಲಿನ ಹುಳು, ಬಿಳಿ ಸುರುಳಿ ಕೊಳವೆಗಳು, ಮತ್ತೆ ಒಂದು ಕಂದು ಹೂವು. ಹುಳುವಿನ ಹೆಸರು ನನ್ನ ಪುಸ್ತಕದ ಗೆರೆಚಿತ್ರದಲ್ಲಿ ಸಿಕ್ಕಿತು. ಹೂವಿನದು ಸಿಗಲಿಲ್ಲ. ಕಲ್ಲಿಗೆ ಅಂಟಿಕೊಂಡಿದೆ, ಮುಟ್ಟಿದರೆ ಮುದುಡುತ್ತದೆ, ಗಿಡವೇ ಸರಿ ಎಂದು ಹೆಡ್‌ಮಾಸ್ಟರು ತೀರ್ಪು ಕೊಟ್ಟರು. ನಾನೂ ‘ಸಸ್ಯ’ ಎಂದು ಚೀಟಿ ಬರೆದು ಗಾಜಿಗೆ ಅಂಟಿಸಿದೆ. ಬಿ.ಎಸ್ಸಿ. ಓದಿದವನ ಬುದ್ಧಿ ಅಷ್ಟಕ್ಕೇ ನಿಂತಿತ್ತು.

ಒಂದು ಮಧ್ಯಾಹ್ನ ಆಕೆ ಬಂದು, “ಅದು ಗಿಡ ಅಲ್ಲ ಕಣ್ ಸಾ, ಉಣ್ತದೆ. ನಾನೇ ನೋಡ್ಬುಟ್ಟೆ,” ಎಂದಳು. ತನ್ನ ಬುತ್ತಿಯಲ್ಲಿದ್ದ ಒಣಮೀನಿನ ಚೂರನ್ನು ಪೊರಕೆ ಕಡ್ಡಿಯ ತುದಿಗೆ ಸಿಕ್ಕಿಸಿ ನೀರಿಗಿಳಿಸಿದಳು. ಎಸಳುಗಳೆಲ್ಲ ಒಟ್ಟಿಗೆ ಬಾಗಿ ಚೂರನ್ನು ಹಿಡಿದವು, ನಡುವೆ ಬಾಯಿ ತೆರೆಯಿತು, ಮೀನು ಒಳಗೆ ಹೋಯಿತು. ನನ್ನ ಸಂತೋಷಕ್ಕೆ ಮಿತಿಯೇ ಇರಲಿಲ್ಲ. ಪ್ರಾಣಿಗಳ ಪಾಠದಲ್ಲಿ ಹುಡುಕಿದ ಮೇಲೆ ಹೆಸರೂ ಸಿಕ್ಕಿತು, ಸೀ ಅನಿಮೋನ್. ದಿನಾ ಮೀನು ತಾ ಎಂದು ಹೇಳಿದವನು ನಾನೇ. ಪೊಟ್ಟಣ ಬೀರುವಿನಲ್ಲಿಡು ಎಂದವನೂ ನಾನೇ.

ಲ್ಯಾಬಿನಲ್ಲಿ ಸರಸ್ವತಿಯ ಪಟವಿತ್ತು. ಪ್ರತಿ ಶುಕ್ರವಾರ ಹೆಡ್‌ಮಾಸ್ಟರೇ ಹೂವು ಮುಡಿಸಿ ಪೂಜೆ ಮಾಡುತ್ತಿದ್ದರು. ಆ ವಾರ ಊದುಬತ್ತಿಗೆಂದು ಬೀರು ತೆರೆದರು. ಪಟದ ಕೆಳಗೇ ಇದ್ದ ಬೀರು. ವಾಸನೆ ಮುಖಕ್ಕೆ ಹೊಡೆಯಿತು. ಬಕೆಟ್ಟು ಹಿಡಿದು ನಿಂತಿದ್ದ ಆಕೆಯನ್ನು ಅವರು ಏನೂ ಕೇಳಲಿಲ್ಲ. “ಮೇಷ್ಟ್ರೇ, ಇದು ನಿಮಗೆ ಗೊತ್ತಿತ್ತಾ?” ಎಂದು ನನ್ನನ್ನು ಕೇಳಿದರು. ಅವರೂ ನಾನೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವವರು. ಮೊಟ್ಟೆಯ ಹೆಸರೆತ್ತಿದರೆ ನಮ್ಮ ಮನೆಯಲ್ಲಿ ಬಾಯಿ ತೊಳೆಸುತ್ತಿದ್ದರು.

“ಇಲ್ಲ ಸಾರ್,” ಎಂದೆ.

ಆಕೆ ಒಮ್ಮೆ ನನ್ನ ಮುಖ ನೋಡಿದಳು. ಮೇಷ್ಟ್ರೇ ಹೇಳಿದ್ದು ಎಂದು ಬಾಯಿ ಬಿಡಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದು ಹೆಡ್‌ಮಾಸ್ಟರು ಆಕೆಗೆ ಹೇಳಿದರು, ಖಾಯಂ ಮಾಡುವವರ ಪಟ್ಟಿಯಿಂದ ಹೆಸರನ್ನೂ ಹೊಡೆದುಹಾಕಿದರು. ಲ್ಯಾಬಿಗೆಲ್ಲ ನೀರು ಹಾಕಿ ತೊಳೆಸಿದರು. ತೊಳೆದವಳೂ ಆಕೆಯೇ. ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಡುವಾಗ, ಯಾರೂ ಇಲ್ಲದ ಹೊತ್ತು ನೋಡಿ ನನ್ನ ಬಳಿ ಬಂದಳು. ಬೈಯುತ್ತಾಳೆ ಎಂದುಕೊಂಡೆ.

“ದಿನಾ ಹಾಕ್ಬ್ಯಾಡಿ ಸಾ. ಎಲ್ಡು ದಿನಕ್ಕೊಂದ್ಸತಿ ಸಾಕು, ಜಾಸ್ತಿ ಆದ್ರೆ ಉಗುದ್ಬುಡ್ತದೆ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎರಡು ತಿಂಗಳ ಮೇಲೆ ತಾಲ್ಲೂಕಿನ ವಿಜ್ಞಾನ ವಸ್ತುಪ್ರದರ್ಶನ ನಮ್ಮ ಶಾಲೆಯಲ್ಲೇ ನಡೆಯಿತು. ಹಳೆ ಚೀಟಿ ಕಿತ್ತು ‘ಮಾಂಸಾಹಾರಿ ಪ್ರಾಣಿ’ ಎಂದು ಹೊಸದು ಅಂಟಿಸಿದ್ದೆ. ಪ್ರದರ್ಶನಕ್ಕೆ ಬಂದಿದ್ದ ಶಿಕ್ಷಣ ಇಲಾಖೆಯ ಅಧಿಕಾರಿ, ಅದು ತಿನ್ನುವುದನ್ನು ನೋಡಬೇಕು ಎಂದು ಆಸೆಪಟ್ಟರು. ಹೆಡ್‌ಮಾಸ್ಟರು ಜವಾನನನ್ನು ಸಂತೆಗೆ ಓಡಿಸಿ ಒಣಮೀನು ತರಿಸಿದರು. ಅದೇ ಪಟದ ಕೆಳಗೆ ನಿಂತು, ವಿಜ್ಞಾನಕ್ಕೆ ಮಡಿ ಮೈಲಿಗೆ ಇಲ್ಲ ಸಾರ್ ಎಂದು ಹಲ್ಲು ಕಿರಿದರು. ಅವರ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ. ಕಡ್ಡಿಗೆ ಮೀನು ಸಿಕ್ಕಿಸಿ ನೀರಿಗಿಳಿಸಿದೆ. ಅದು ತಿಂದಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಇದು ಗಿಡವಲ್ಲ ಎಂದು ಕಂಡುಹಿಡಿದವರು ಯಾರು ಎಂದು ಅಧಿಕಾರಿ ಕೇಳಿದರು. ಹೆಡ್‌ಮಾಸ್ಟರು ಬಾಯಿ ತೆರೆಯುವ ಮೊದಲೇ ನಾನು ಮುಂದೆ ಬಂದು, “ನಾನೇ ಸಾರ್,” ಎಂದೆ.